ಫೋಟೊ ಕೊಡಬೇಡಿ ಎಂದು ಹೇಳಿ ಫೋಟೊ ಕೇಳಿದವರಿಗೆ

ಮಕ್ಕಳ ಅಂತರ್ಜಾಲ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮೊದಲು ಮಾನ್ಯರೇ ಎಂದು ಬರೆಯಬೇಕಂತೆ. ಬರೆದಿದ್ದೇನೆ ಎಂದುಕೊಳ್ಳಿ.

ಮೊನ್ನೆ ಮಧ್ಯಾಹ್ನ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟವಳಿಗೆ ಹಾಗೇ ಜೊಂಪು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನಿಮ್ಮ ಕಚೇರಿಯ ಕಿಟಕಿಯ ಮುಂದೆ ದೊಡ್ಡ ಸಾಲು. ನಿಂತವರೆಲ್ಲ ಗಂಡಸರು, ಒಬ್ಬರಿಗೂ ಮುಖವಿಲ್ಲ. ಕಿಟಕಿಯೊಳಗಿನ ಗುಮಾಸ್ತರು ಒಬ್ಬೊಬ್ಬರಿಗೂ ನನ್ನ ಮಗಳ ಫೋಟೊ ಕೊಡುತ್ತಿದ್ದಾರೆ. ಹಿಂದೆ ಹೆಸರು, ತರಗತಿ, ಶಾಲೆ ಎಲ್ಲ ದುಂಡಗಿನ ಅಕ್ಷರದಲ್ಲಿ. ನಾನು ನುಗ್ಗಿ ಹೋಗಿ "ಅದು ನನ್ನ ಮಗು ಸ್ವಾಮಿ" ಎಂದರೆ, "ಸಾಲಲ್ಲಿ ಬನ್ನಿ ಅಮ್ಮ, ನಿಮಗೂ ಒಂದು ಸಿಗುತ್ತೆ" ಎಂದರು. ಎಚ್ಚರವಾಯಿತು. ಕನಸು ಎಂದ ಮೇಲೆ ಎಚ್ಚರವಾದಾಗ ಮುಗಿಯಬೇಕು. ಇದು ಮುಗಿಯಲಿಲ್ಲ, ಏಕೆಂದರೆ ನೀವು ನಿಜಕ್ಕೂ ಮಾಡಿದ್ದು ಇದನ್ನೇ. ಕಿಟಕಿ ಮಾತ್ರ ಇರಲಿಲ್ಲ, ಅಷ್ಟೇ.

ನಾನು ಬಟ್ಟೆ ಹೊಲಿಯುವವಳು. ಶಾಲೆ ಮಧ್ಯದಲ್ಲೇ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಹೆದರುವುದು ನನ್ನ ಹುಟ್ಟುಗುಣ. ಬೀಗ ಹಾಕಿ ಬೀದಿಯ ತಿರುವಿನ ತನಕ ಹೋದವಳು, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಬಸ್ಸು ಓಡಿಸುವ ನನ್ನ ತಮ್ಮ, "ಅಕ್ಕಾ, ನಿನ್ನ ಚಿಂತೆಗೆ ಯಾರಾದ್ರೂ ಸಂಬಳ ಕೊಡೋರಿದ್ದಿದ್ರೆ ನೀನು ಮಿಷನ್ ತುಳಿಯೋದೇ ಬೇಕಿರ್ಲಿಲ್ಲ" ಎಂದು ರೇಗಿಸುತ್ತಾನೆ. ಶಾಲೆಯವರು ಪಾಠಗಳನ್ನು ಫೋನಿಗೇ ಕಳಿಸತೊಡಗಿದ ಮೇಲೆ ಬೇರೆ ದಾರಿಯಿಲ್ಲದೆ ಮಗಳ ಕೈಗೆ ಫೋನ್ ಕೊಟ್ಟೆ. ಕೊಟ್ಟ ದಿನದಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡೇ ಓಡಾಡುತ್ತಿದ್ದೆ.

ಅಂಥವಳು ನಂಬಿದ್ದು ನಿಮ್ಮನ್ನು.

ಹೋದ ವರ್ಷ ನಿಮ್ಮ ಕಚೇರಿಯವರು ಮಗಳ ಶಾಲೆಗೆ ಬಂದು ತಂದೆತಾಯಿಯರನ್ನೂ ಕೂರಿಸಿ ಮಾತಾಡಿದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತು ನಾನು ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಗುರುತಿಲ್ಲದವರೊಂದಿಗೆ ಚಾಟ್ ಮಾಡಬೇಡಿ. ಹೆಸರು, ಶಾಲೆ, ಫೋಟೊ ಯಾರಿಗೂ ಕೊಡಬೇಡಿ. ಚಿನ್ನದಂಥ ಮಾತು. ನನ್ನ ಭಯಕ್ಕೂ ಒಂದು ಕಚೇರಿ ಇದೆಯಲ್ಲ ಎಂದು ಎಷ್ಟೋ ಕಾಲದ ಮೇಲೆ ಹೆಗಲು ಹಗುರಾಯಿತು. ಆಮೇಲೆ ಏನು ಹೇಳಿದರು, ತಮಗೆ ನೆನಪಿದೆಯೇ? "ನನ್ನ ಫೋಟೊವನ್ನು ಗುರುತಿಲ್ಲದವರಿಗೆ ಕೊಡುವುದಿಲ್ಲ" ಎಂದು ಪ್ರತಿ ಮಗುವೂ ಎದೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕು, ಹಾಗೆ ಮಾಡುತ್ತಿರುವ ಫೋಟೊ ತೆಗೆದು ಹೆಸರು, ತರಗತಿ, ಶಾಲೆ ಬರೆದು ನಿಮಗೆ ಕಳಿಸಬೇಕು, ಬಹುಮಾನವುಂಟು. ಕಳಿಸಲು ಮಗುವಿನದೇ ಒಂದು ಖಾತೆ ಬೇಕೆಂದರು. ಅಲ್ಲಿಯವರೆಗೆ ನನ್ನ ಮಗಳಿಗೆ ಯಾವ ಜಾಲತಾಣದಲ್ಲೂ ಖಾತೆ ಇರಲಿಲ್ಲ. ನೀವು ಹೇಳಿದಿರೆಂದು ತೆರೆದೆವು. ಬಂದ ಫೋಟೊಗಳನ್ನೆಲ್ಲ ತಾವು ಕಚೇರಿಯ ಪುಟದಲ್ಲಿ ಲೋಕವೆಲ್ಲ ನೋಡುವ ಹಾಗೆ ಸಾಲಾಗಿ ಹಾಕಿದಿರಿ. ಬಾಗಿಲು ಭದ್ರ ಮಾಡಿಕೊಳ್ಳಿ ಎಂದು ಊರಿಗೆಲ್ಲ ಸಾರಿ, ಊರಿನವರ ಬೀಗದ ಕೈಗಳನ್ನು ಈಸಿಕೊಂಡು ಬೀದಿಯಲ್ಲಿ ನೇತುಹಾಕಿದವರನ್ನು ಏನೆಂದು ಕರೆಯಬೇಕು? ಅಧಿಕಾರಿಗಳು ಎಂದೇ ಕರೆಯಬೇಕೆಂದು ಈಗ ತಿಳಿಯಿತು.

ಅಷ್ಟು ಜನ ಓದಿದವರಿರುವ ಕಚೇರಿಯಲ್ಲಿ ಒಬ್ಬರಿಗೂ "ಇದೇನು ಮಾಡ್ತಿದೀವಿ?" ಎಂದು ಅನ್ನಿಸಲಿಲ್ಲವೇ?

ಕೆಲವು ವಾರದಲ್ಲಿ ಮಗಳಿಗೆ ಒಂದು ಚಾಟ್ ಬಂತು. ಸುರಕ್ಷತಾ ಕಚೇರಿಯ ಅಕ್ಕನಂತೆ, ಪ್ರಮಾಣಕ್ಕೆ ಬಹುಮಾನ ಬಂದಿದೆಯಂತೆ. ನಿಮ್ಮದೇ ಲಾಂಛನ ಅಂಟಿಸಿಕೊಂಡಿತ್ತು. ಗುರುತಿಲ್ಲದವರೊಂದಿಗೆ ಮಾತಾಡಬೇಡ ಎಂದು ನೀವೇ ಕಲಿಸಿದ್ದೀರಿ, ನಿಜ. ಆದರೆ ಈ ಅಕ್ಕನಿಗೆ ಅವಳ ಹೆಸರು ಗೊತ್ತು, ತರಗತಿ ಗೊತ್ತು, ಶಾಲೆ ಗೊತ್ತು, ಫೋಟೊದಲ್ಲಿ ಯಾವ ಬಣ್ಣದ ಕ್ಲಿಪ್ಪು ಹಾಕಿದ್ದಳೆಂಬುದೂ ಗೊತ್ತು. ಇಷ್ಟೆಲ್ಲ ಗೊತ್ತಿರುವವರು ಗುರುತಿಲ್ಲದವರು ಹೇಗಾಗುತ್ತಾರೆ? ಏಳನೇ ತರಗತಿಯ ಹುಡುಗಿಯ ಈ ಲೆಕ್ಕದಲ್ಲಿ ತಪ್ಪೆಲ್ಲಿದೆ, ತಾವೇ ತೋರಿಸಿ.

"ಅಮ್ಮಾ, ಬಹುಮಾನ ಟೀ-ಶರ್ಟ್ ಅಂತೆ. ಅಳತೆ ಬೇಕಂತೆ."

"ಯಾರಿಗೆ? ಯಾರು ಕೇಳಿದ್ದು?"

"ಸುರಕ್ಷತಾ ಕಚೇರಿಯೋರಮ್ಮ. ನೀನೇ ಅವ್ರು ಹೇಳಿದ ಹಾಗೆ ಕೇಳು ಅಂತಿದ್ಯಲ್ಲ."

"ಹಾಗಾದ್ರೆ ನೆಟ್ಟಗೆ ನಿಂತ್ಕೊ. ಹೊಟ್ಟೆ ಒಳಗೆ ಎಳ್ಕೋಬೇಡ, ಆಮೇಲೆ ಬಿಗಿ ಆಯ್ತು ಅಂತ ಅವರನ್ನ ಬೈತೀಯ."

ಟೇಪು ತೆಗೆದುಕೊಂಡು ಭುಜ, ಎದೆ, ಸೊಂಟ ಎಲ್ಲ ಅಳೆದು ನಾನೇ ಹೇಳಿದೆ. ಅವಳು ಒತ್ತಿ ಒತ್ತಿ ಕಳಿಸಿದಳು. ಬೇರೆ ಯಾರೇ ಕೇಳಿದ್ದರೂ ಫೋನನ್ನೇ ಕಿತ್ತು ಬಚ್ಚಿಡುತ್ತಿದ್ದೆ. ಕೇಳಿದ್ದು ನಿಮ್ಮ ಕಚೇರಿ ಎಂದು ಅರ್ಧ ಇಂಚು ಸಡಿಲವನ್ನೂ ಸೇರಿಸಿ ಹೇಳಿದೆ, ಬೆಳೆಯುವ ಮಗು ಎಂದು.

ಮಾರನೆಯ ದಿನ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲೇ ನಿಂತಳು.

"ಅಮ್ಮಾ, ಆ ಅಕ್ಕ ಇನ್ನೊಂದು ಫೋಟೊ ಕೇಳ್ತಿದಾರೆ. ಬಾಗಿಲು ಹಾಕ್ಕೊಂಡು ತೆಗೀಬೇಕಂತೆ. ಅಮ್ಮನಿಗೆ ಹೇಳ್ಬೇಡ ಅಂದ್ರು."

"ಮತ್ತೆ ನನಗೆ ಹೇಳ್ತಿದೀಯಲ್ಲೇ?"

"ಅಳತೆ ತೊಗೊಂಡಿದ್ದು ನೀನೇ ಅಲ್ವಾ? ನಿಂಗೆ ಎಲ್ಲಾ ಗೊತ್ತಿರತ್ತೆ ಅಂದ್ಕೊಂಡೆ."

ಆ ಫೋಟೊ ಹೋಗಲಿಲ್ಲ. ಪೊಲೀಸರು ದೂರು ಬರೆದುಕೊಂಡರು. ಆ ಅಕ್ಕ ಒಬ್ಬ ಗಂಡಸೆಂದೂ, ನಿಮ್ಮ ಪುಟ ನೋಡಿಯೇ ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದನೆಂದೂ ಹೇಳಿದರು. ಅವನು ಇನ್ನೂ ಸಿಕ್ಕಿಲ್ಲ. ಮಗಳು ಈಗ ಟೇಪು ಕಂಡರೆ ಗೋಡೆಗೆ ಸರಿಯುತ್ತಾಳೆ. ಸೆಕೆಯಲ್ಲೂ ಅವಳಪ್ಪನ ಹಳೆಯ ಸ್ವೆಟರು ತೆಗೆಯುವುದಿಲ್ಲ. ಯೂನಿಫಾರ್ಮಿನ ತೋಳು ಗಿಡ್ಡವಾಗಿದೆ, ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಗ್ಗದ ಮೇಲೆ ಒಣಗಲು ಹಾಕಿದಾಗ ಕಣ್ಣಂದಾಜಿನಲ್ಲಿ ಬಿಚ್ಚಿ ಉದ್ದ ಮಾಡಿದೆ. ಒಂದು ದಿನ ಊಟದ ತಟ್ಟೆ ನೋಡುತ್ತಲೇ ಕೇಳಿದಳು: "ಅಮ್ಮಾ, ಅವ್ರು ಯಾರು ಅಂತ ನಿಂಗೆ ಮೊದಲೇ ಗೊತ್ತಿತ್ತಾ?" ಇಲ್ಲ ಎಂದೆ. ಹತ್ತು ಸಲ ಇಲ್ಲ ಎಂದೆ. ಅವಳು ನಂಬಲಿಲ್ಲ. ಇದಕ್ಕೆ ಉತ್ತರ ಹೇಳಬೇಕಾದವರು ನಾನೋ, ನೀವೋ?

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿಯದು ಬಲು ವಿನಯ.

"ಅದು ನಮ್ಮ ಖಾತೆ ಅಲ್ಲ ಮೇಡಂ."

"ಫೋಟೊ ಹಾಕಿದ್ದು ನೀವೇ ತಾನೇ?"

"ಹೌದು ಮೇಡಂ. ಅದು ಜಾಗೃತಿಗೋಸ್ಕರ."

"ಅವನಿಗಂತೂ ಚೆನ್ನಾಗೇ ಜಾಗೃತಿ ಆಗಿದೆಯಮ್ಮ."

ಅವಳು ದನಿ ತಗ್ಗಿಸಿ, "ಮೇಡಂ, ನಮ್ಮಣ್ಣನ ಮಗಂದೂ ಅದರಲ್ಲಿದೆ. ನಾನೂ ಹೇಳಿದೀನಿ. ಸಾಹೇಬ್ರು ವಿಚಾರ ಮಾಡೋಣ ಅಂದಿದಾರೆ" ಎಂದಳು.

ವಿಚಾರ ಮಾಡಿದಿರಾ ಸಾಹೇಬರೇ? ಮಾಡಿ ಮುಗಿಸಿದ್ದೀರೆಂದು ಕಾಣುತ್ತದೆ, ಏಕೆಂದರೆ ನನಗೆ ಉತ್ತರ ಬಂದಿದೆ. "ದೂರನ್ನು ಪರಿಶೀಲಿಸಿ ಸದರಿ ಫೋಟೊವನ್ನು ತೆಗೆದುಹಾಕಲಾಗಿದೆ. ಪೋಷಕರು ಇನ್ನು ಮುಂದೆ ಎಚ್ಚರಿಕೆಯಿಂದಿರತಕ್ಕದ್ದು." ಸದರಿ ಎಂದರೆ ನನ್ನ ಮಗಳು. ಎಚ್ಚರಿಕೆ ಎಂದರೆ ನನಗೆ. ಬೇಲಿಯೇ ಎದ್ದು ಹೊಲ ಮೇಯ್ದು, ಕೊನೆಗೆ ಪೈರಿಗೆ ಬುದ್ಧಿ ಹೇಳಿ ಹೋಯಿತು.

ನನಗೆ ಬೇಕಾದದ್ದು ಹೆಚ್ಚೇನಲ್ಲ. ಒಂದು ಮಗುವಿನದಲ್ಲ, ಎಲ್ಲ ಮಕ್ಕಳ ಫೋಟೊಗಳನ್ನೂ ಇಳಿಸಿ. ಆಮೇಲೆ ಅದೇ ಶಾಲೆಗೆ, ಈ ಸಲ ತಾವೇ ಬನ್ನಿ. ಅದೇ ಮಕ್ಕಳನ್ನು ಕೂರಿಸಿ "ತಪ್ಪು ಮಾಡಿದ್ದು ನಾವು, ನೀವಲ್ಲ, ನಿಮ್ಮ ಅಮ್ಮಂದಿರೂ ಅಲ್ಲ" ಎಂದು ಹೇಳಿ. ನನ್ನ ಮಾತನ್ನು ಮಗಳು ನಂಬುತ್ತಿಲ್ಲ. ಕುರ್ಚಿಯಲ್ಲಿ ಕೂತವರು ಹೇಳಿದರೆ ನಂಬಬಹುದು.

ಕಡೆಯದಾಗಿ, ಒಂದನ್ನು ದಯವಿಟ್ಟು ಇನ್ನೊಮ್ಮೆ ನೋಡಬೇಕು. ತೆಗೆದಿದ್ದೇವೆ ಎಂದು ಬರೆದಿರಲ್ಲ, ನಾನು ತಮ್ಮನ ಫೋನಿನಲ್ಲಿ ನೋಡಿದೆ. ಮಗಳ ಫೋಟೊ ಮೊದಲಿದ್ದ ಜಾಗದಲ್ಲಿಲ್ಲ, ಸರಿ. ಆದರೆ ನಿಮ್ಮ ಪುಟದಲ್ಲೇ ಇನ್ನೊಂದು ಕಡೆ ಅವಳ ಅರ್ಧ ಮುಖ ಉಳಿದುಕೊಂಡಿದೆ. ಅವಳ ಪಕ್ಕದ ಫೋಟೊದಲ್ಲಿ ಮುಂದಿನ ಹಲ್ಲು ಬಿದ್ದ, ಬೇರೆ ಶಾಲೆಯ ಒಂದು ಪುಟ್ಟ ಹುಡುಗಿ ನಗುತ್ತಿದ್ದಾಳೆ. ಅವಳ ಹೆಸರು, ಶಾಲೆ ಎಲ್ಲ ನನ್ನಂಥವಳೂ ಓದುವಷ್ಟು ಸ್ಪಷ್ಟವಾಗಿದೆ. ಆ ಶಾಲೆಗೆ ಫೋನ್ ಮಾಡಿದೆ, ರಜೆ, ಯಾರೂ ಎತ್ತುತ್ತಿಲ್ಲ. ಅವಳ ಅಮ್ಮ ಯಾರೆಂದು ಗೊತ್ತಿದ್ದರೆ ನಿಮಗೆ ಬರೆಯುತ್ತಾ ಕೂರದೆ ಅವಳ ಮನೆಗೇ ಓಡುತ್ತಿದ್ದೆ. ಪುಟದಲ್ಲಿ ಎಲ್ಲಿ ಎಂದು ಇಲ್ಲಿ ಬರೆಯಲಾರೆ, ಈ ಪತ್ರವನ್ನು ನೀವೊಬ್ಬರೇ ಓದುವುದಿಲ್ಲವಲ್ಲ. ನಿಮ್ಮ ಕಚೇರಿಯ ಆ ಹುಡುಗಿಗೆ ಹೇಳಿದ್ದೇನೆ. ಅವಳನ್ನು ಕರೆದು, ಕೇಳಿ, ತಾವೇ ಕಣ್ಣಾರೆ ನೋಡಿ.

ಇಂತಿ,
ತಮ್ಮನ್ನು ನಂಬಿದ್ದ ಒಬ್ಬ ಅಮ್ಮ