ಹೊಡೆದುಹಾಕಿದ x

ಜೂನ್ 12, ಗುರುವಾರ. ದೊಡ್ಡಬಳ್ಳಾಪುರ. ಬ್ಯಾಂಕ್ ಪರೀಕ್ಷೆ ಮುಂದಿನ ಭಾನುವಾರ.

ಕೋಚಿಂಗ್ ಕ್ಲಾಸಿನ ಉಮಾಶಂಕರ್ ಸರ್ ಇವತ್ತು ಹಲಗೆಯ ಮೇಲೆ ಬರೆದ ಪ್ರಶ್ನೆ: x ಒಂದಕ್ಕಿಂತ ದೊಡ್ಡದೇ? ಮೊದಲ ಹೇಳಿಕೆ x² > x, ಎರಡನೆಯದು x > 0. ಉತ್ತರ ಹೇಳಲು ಯಾವುದೋ ಒಂದೇ ಸಾಕೇ, ಎರಡೂ ಬೇಕೇ ಎಂದು ಗುರುತಿಸಬೇಕು. ಮೊದಲನೆಯದರಲ್ಲಿ ಎರಡೂ ಕಡೆ ಒಂದೊಂದು x ಹೊಡೆದುಹಾಕಿ, "ಇದೊಂದೇ ಸಾಕು, ನೆಕ್ಸ್ಟ್" ಎಂದರು. ಅರ್ಥವಾಗದ ವಾಕ್ಯವನ್ನು ನುಂಗಿ ಮುಂದೆ ಹೋಗುವ ಅನುವಾದಕರನ್ನು ಓದಿದ್ದೇನೆ. ಅವರದೂ ಇದೇ ಠೀವಿ.

"ಸರ್, x ಮೈನಸ್ ಎರಡಾದ್ರೆ? ವರ್ಗ ನಾಲ್ಕು, ಹೇಳಿಕೆ ಸರಿಹೋಗುತ್ತೆ. ಆದ್ರೆ x ಒಂದಕ್ಕಿಂತ ಚಿಕ್ಕದು. ಎರಡೂ ಹೇಳಿಕೆ ಬೇಕು."

ಅವರು ಹಲಗೆ ನೋಡಿದರು. ತಪ್ಪು ಕಂಡಿತು, ಕಂಡಿದ್ದು ನನಗೆ ಗೊತ್ತಾಯಿತು. ಆಮೇಲೆ ನಕ್ಕರು.

"ಏನಮ್ಮಾ ಮಾನಸ, ಕಾದಂಬರಿ ಓದಿ ಓದಿ ಲೆಕ್ಕದಲ್ಲೂ ಕಥೆ ಕಟ್ತೀಯಲ್ಲ!"

ಕ್ಲಾಸೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಚೈತ್ರ 'ಮೊದಲನೆಯದೇ ಸಾಕು' ಎಂದು ಬರೆದುಕೊಂಡಳು. "ಸರ್ ಹೇಳಿದ್ಮೇಲೆ ಮುಗೀತು ಬಿಡೇ." ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಪರೀಕ್ಷೆ. ಮಾನ ಉಳಿಸಿಕೊಳ್ಳಲು ಆತ ಅದನ್ನೂ ಹಾಳುಮಾಡಬಲ್ಲ. ಆತನನ್ನು 'ಸರ್' ಎಂದು ಕರೆಯಲು ನಾಲಿಗೆ ಏಳುತ್ತಿಲ್ಲ.

ನಾಳೆ ಬೆಳಿಗ್ಗೆ ಚೈತ್ರಳನ್ನು ಬಸ್ ಸ್ಟ್ಯಾಂಡಿನಲ್ಲೇ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಆಮೇಲೆ ಅವಳು ಕ್ಲಾಸಿಗೆ ಹೋಗಲಿ, ಬಿಡಲಿ. ನಾನಂತೂ ಹೋಗುವುದಿಲ್ಲ.