ರಫೀಕ್ ಮಗುವಾಗಿದ್ದಾಗ ಹೇಗಿದ್ದ

ಕಾನ್‌ಸ್ಟಂಟೀನ್
ಶುಕ್ರವಾರ, ಮೇ 3, 2019

ಮಗಳೇ ವಸೀಲಾ,

ನಿನಗೂ ಮೊಮ್ಮಗ ಜವಾದನಿಗೂ ದೇವರು ನೆಮ್ಮದಿ ಕೊಡಲಿ. ನಿನ್ನ ತಂದೆತಾಯಿಗೆ ನನ್ನ ಸಲಾಮು ತಿಳಿಸು. ನಿನ್ನ ತಂದೆಯ ಉಬ್ಬಸ ಹೇಗಿದೆ? ಅನ್ನಾಬಾದ ಸಮುದ್ರದ ಗಾಳಿ ಅವರಿಗೆ ಆಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ.

ನೀನು ತವರಿಗೆ ಹೋಗಿ ಮೂರು ವಾರವಾಯಿತು. ಇಷ್ಟು ದಿನ ಬರೆಯಲಿಲ್ಲ, ತಪ್ಪು ನನ್ನದೇ. ಮಂಡಿನೋವು ಎಂದು ನೆಪ ಹೇಳಬಹುದು, ಆದರೆ ಮಂಡಿಯಿಂದ ಯಾರೂ ಪತ್ರ ಬರೆಯುವುದಿಲ್ಲ. ಫೋನು ಮಾಡೋಣ ಎಂದರೆ ಹಬೀಬಾ ಬಿಡಲಿಲ್ಲ. "ಅಮ್ಮ, ನೀನು ಫೋನಲ್ಲಿ ಹೇಗಿದ್ದೀಯ ಅಂತ ಕೇಳಿದ್ರೂ ಪೊಲೀಸ್ ವಿಚಾರಣೆ ಥರ ಇರುತ್ತೆ. ಬರಿ" ಎಂದಳು. ಮದುವೆ ಗೊತ್ತಾದಾಗಿನಿಂದ ಆ ಹುಡುಗಿಯ ನಾಲಿಗೆ ಉದ್ದವಾಗಿದೆ.

ಮೊದಲು ಮನೆಯ ಸುದ್ದಿ. ಹೂ ಬೇಯಿಸಿ ಹೂನೀರು ಇಳಿಸುವ ಕೆಲಸ ಮುಗಿಯಿತು. ಈ ವರ್ಷ ಕಹಿಕಿತ್ತಳೆ ಹೂವಿನ ನೀರು ಹನ್ನೊಂದು ಸೀಸೆ ಮಾತ್ರ. ಹಂಡೆಯ ಮೇಲಿನ ತಣ್ಣೀರು ಬಿಸಿಯಾಗುವ ಮೊದಲೇ ಬದಲಾಯಿಸಲು ನೀನಿರಲಿಲ್ಲ. ಹಬೀಬಾ ಮೊಬೈಲು ನೋಡುತ್ತ ಕೂತು ಎರಡು ಸಲ ಮರೆತಳು. ನಾನು ಏಳಬೇಕೆಂದರೆ ಗೋಡೆ ಹಿಡಿಯಬೇಕು. ರಂಜಾನ್ ಉಪವಾಸ ಸೋಮವಾರವೋ ಮಂಗಳವಾರವೋ ಶುರು. ಅಷ್ಟರೊಳಗೆ ಮನೆ ತೊಳೆಯಬೇಕು, ಸಾರಿಗೆ ಗೋಧಿನುಚ್ಚು ಮಾಡಿಸಬೇಕು. ಈ ವರ್ಷ ಯಾವುದಕ್ಕೂ ಕೈ ಮುಂದಾಗುತ್ತಿಲ್ಲ.

ನಿನ್ನ ಗಂಡ ರಫೀಕ್ ಸಂಜೆ ಕೆಲಸದಿಂದ ಬಂದವನೇ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ನಡೆಯುತ್ತಿರುತ್ತಾನೆ. ಕೂತು ಉಣ್ಣು ಎಂದರೆ ನಿಂತೇ ಉಣ್ಣುತ್ತಾನೆ. ಪ್ರತಿ ಶುಕ್ರವಾರ ನಿನ್ನನ್ನು ಕರೆತರುತ್ತೇನೆ ಎಂದು ಕಾರಿನ ಕೀಲಿ ಹುಡುಕುತ್ತಾನೆ. ಕೀಲಿ ಸಿಕ್ಕಿದ ಮೇಲೆ ಹೋಗುವ ಧೈರ್ಯ ಸಿಗುವುದಿಲ್ಲ. ಅವನ ಕಡೆಯ ವಕಾಲತ್ತು ನಾನು ಮಾಡುವುದಿಲ್ಲ. ನನ್ನದೇ ಸಾಕಷ್ಟಿದೆ.

ನೀನು ಹೋದ ದಿನ ಅಂಗಳದಲ್ಲಿ ಆರು ಜನ ಹೆಂಗಸರಿದ್ದರು, ಅವರಲ್ಲಿ ಹಬೀಬಾಳ ಅತ್ತೆಯಾಗಲಿರುವ ಸಕೀನಾ ಒಬ್ಬಳು. ಹಂಡೆಯ ಕೆಳಗೆ ಬೆಂಕಿ ಇತ್ತು. ಜವಾದ್ ನಾಲ್ಕನೆಯ ಸಲ ಓಡಿ ಬಂದು ಮೊದಲ ಸೀಸೆಯನ್ನು ಎಳೆದು ಒಡೆದ. ದೇವರ ದಯೆ, ಹಂಡೆ ಉರುಳಲಿಲ್ಲ. ಆಗ ನಾನು ಎಲ್ಲರೆದುರು ನಿನಗೆ ಏನು ಹೇಳಿದೆ ಎಂಬುದು ನನಗೆ ಅಕ್ಷರಶಃ ನೆನಪಿದೆ. "ಹೆತ್ರೆ ಸಾಲದು, ಬೆಳೆಸೋಕೂ ಬರಬೇಕು. ನನ್ನ ಮಗ ಇದೇ ಅಂಗಳದಲ್ಲಿ ಬೆಳೆದ, ಒಂದು ಲೋಟ ಒಡೆದವನಲ್ಲ." ನೀನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಸಂಜೆಯ ಟ್ಯಾಕ್ಸಿಯಲ್ಲಿ ಹೊರಟುಬಿಟ್ಟೆ.

ನೀನು ಹೋದ ಮರುದಿನ ಮೆಹಬೂಬಾ ಚಿಕ್ಕಮ್ಮ ಹೂನೀರಿನ ಸೀಸೆ ಕೇಳಲು ಬಂದಳು. ಎಂಬತ್ತು ದಾಟಿದರೂ ಕಿವಿ ಚುರುಕು, ಪಕ್ಕದ ಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಸಕೀನಾ ಅವತ್ತೂ ಇಲ್ಲೇ ಕಾಫಿ ಕುಡಿಯುತ್ತಿದ್ದಳು.

"ಏನೇ ಝುಲೀಖಾ, ನಿನ್ನ ರಫೀಕ್ ಲೋಟ ಒಡೆದಿಲ್ವಾ?" ಎಂದಳು ಚಿಕ್ಕಮ್ಮ.

"ಚಿಕ್ಕಮ್ಮ, ಕಾಫಿ ಆರುತ್ತೆ, ಕುಡಿ."

"ಆರಲಿ ಬಿಡು. ನನ್ನ ಮಾಳಿಗೆ ಮೇಲಿಂದ ಅವನನ್ನ ಎರಡು ಸಲ ಇಳಿಸಿದ್ದೀನಿ, ಆಗ ಅವನಿಗೆ ಎರಡು ವರ್ಷ ತುಂಬಿರಲಿಲ್ಲ. ನೀನು ಕೆಳಗೆ ನಿಂತು ಹಿಡಿಯೋಕೆ ಕಂಬಳಿ ಹಾಸಿದ್ದೆ. ಮರೆತುಬಿಟ್ಯಾ? ಮರೆವು ನನಗೆ ಬರಬೇಕು, ನಿನಗೆ ಬಂತಲ್ಲ."

ಸಕೀನಾ ಬಟ್ಟಲನ್ನು ಕೆಳಗಿಟ್ಟು ಎದ್ದಳು. ಅವಳು ಮನೆಗೆ ಹೋಗಿ ಏನು ಹೇಳಿದಳೋ ಗೊತ್ತಿಲ್ಲ. ಈ ಸಂಬಂಧ ಉಳಿಯುತ್ತದೋ ಮುರಿಯುತ್ತದೋ ಅದೂ ಗೊತ್ತಿಲ್ಲ. ಫೆಬ್ರವರಿಯಲ್ಲಿ ನನಗೆ ಅದೊಂದೇ ಭಯವಿತ್ತು. ಅದನ್ನೇ ಈಗ ಬರೆಯಬೇಕು.

ಜವಾದ್ ಒಂದು ಕಡೆ ಕೂರುವುದಿಲ್ಲ ಎಂದು ಶಿಶುವಿಹಾರದವರು ಚೀಟಿ ಕಳಿಸಿದ ಮೇಲೆ ನೀನೂ ನಾನೂ ಮಗುವೂ ಡಾಕ್ಟರ ಹತ್ತಿರ ಹೋದೆವಲ್ಲ, ಆಕೆ ನನ್ನನ್ನು ಗೌರವದಿಂದ ಲಲ್ಲಾ ಎಂದು ಕರೆದು ನೇರವಾಗಿ ಕೇಳಿದಳು: "ಲಲ್ಲಾ, ಈ ಮಗುವಿನ ತಂದೆ ಚಿಕ್ಕವರಾಗಿದ್ದಾಗ ಹೇಗಿದ್ದರು?" ನಾನು ಹೇಳಿದೆ: "ಬೊಂಬೆ ಹಾಗೆ ಕೂತಿರ್ತಿದ್ದ." ಆಕೆ ಅದನ್ನು ಬರೆದುಕೊಂಡಳು. ಆಮೇಲೆ ನಿನ್ನ ಕಡೆ ತಿರುಗಿ ಟಿ.ವಿ. ಎಷ್ಟು ಹೊತ್ತು, ನಿದ್ದೆ ಎಷ್ಟು ಹೊತ್ತು, ಔಷಧಿ ಅಂಗಡಿಯಿಂದ ನೀನು ಎಷ್ಟು ಗಂಟೆಗೆ ಮನೆಗೆ ಬರುತ್ತೀ ಎಂದು ಒಂದೊಂದೇ ಕೇಳಿದಳು. ನಿನ್ನ ಮುಖ ಸಣ್ಣದಾಗುತ್ತ ಹೋದದ್ದನ್ನು ನೋಡಿದೆ. ಮುಂದಿನ ವಾರ ನೀನು ಕೆಲಸ ಬಿಟ್ಟೆ. ಬಿಡಬೇಡ ಎಂದು ನಾನು ಹೇಳಲಿಲ್ಲ. ಒಳ್ಳೆಯದೇ ಆಯಿತು ಎಂದೆ.

ಅಂಥ ಮಕ್ಕಳು ನಮ್ಮ ಮನೆತನದಲ್ಲೇ ಹುಟ್ಟುತ್ತವೆ ಎಂದು ಊರಿಗೆ ಗೊತ್ತಾದರೆ ಹಬೀಬಾಳನ್ನು ಯಾರು ಕೇಳುತ್ತಾರೆ ಎಂದು ಹೆದರಿದ್ದೆ. ಒಬ್ಬಳು ಮಗಳಿಗಾಗಿ ಇನ್ನೊಬ್ಬಳ ತಲೆಯ ಮೇಲೆ ಭಾರ ಹೊರಿಸಿದೆ. ನಾನು ಹೈಸ್ಕೂಲು ಮುಗಿಸಿದವಳು, ಏನು ಮಾಡುತ್ತಿದ್ದೇನೆಂದು ತಿಳಿಯದೆ ಮಾಡಿದೆ ಎನ್ನಲಾರೆ.

ಮೊನ್ನೆ ಮಂಗಳವಾರ ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಎರಡು ಗಂಟೆ ಕಾದೆ. "ನಾನು ಅವತ್ತು ಸುಳ್ಳು ಹೇಳಿದ್ದೆ, ತಿದ್ದಿಕೊಳ್ಳಿ" ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಹಾಳೆ ತಿರುವಿ, "ಸರಿ, ಈಗ ಹೇಳಿ. ನಡೆಯೋಕೆ ಮುಂಚಿನಿಂದ ಶುರು ಮಾಡಿ" ಎಂದಳು.

ಹೇಳಿದೆ. ಹಾಲು ಕುಡಿಯುವಾಗ ಬಾಗಿಲು ಕಿರುಗುಟ್ಟಿದರೂ ಎದೆ ಬಿಟ್ಟು ತಿರುಗುತ್ತಿದ್ದ. ನಿದ್ದೆ ಚೂರುಚೂರು. ಮಡಿಲಲ್ಲಿದ್ದರೆ ಹಾವಿನ ಹಾಗೆ ಜಾರುತ್ತಿದ್ದ. ಒಂಬತ್ತು ತಿಂಗಳಿಗೆ ನಡೆದ, ಹತ್ತಕ್ಕೆ ಓಡಿದ. ಹೆಸರು ಹಿಡಿದು ಐದು ಸಲ ಕರೆದರೆ ತಿರುಗುತ್ತಿರಲಿಲ್ಲ, ಮೂರು ಓಣಿ ಆಚೆ ಮೀನಿನವನು ಕೂಗಿದರೆ ಎದ್ದು ಓಡುತ್ತಿದ್ದ. ಒಂದು ಆಟವನ್ನೂ ಮುಗಿಸಲಿಲ್ಲ. ಬೆಂಕಿಗೆ ಹೆದರಲಿಲ್ಲ, ಎತ್ತರಕ್ಕೂ ಹೆದರಲಿಲ್ಲ. ಹೇಳುತ್ತ ಹೇಳುತ್ತ ನಾನು ಜವಾದನ ವಿಷಯವನ್ನೇ ಹೇಳುತ್ತಿದ್ದೇನೆ ಅನ್ನಿಸಿತು. ನೀನು ಅವನ ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಲ್ಲೇ ನಿದ್ದೆ ಹೋಗುತ್ತಿದ್ದೆಯಲ್ಲ, ಹಗಲಲ್ಲಿ ನಿದ್ದೆ ಮಾಡುವ ಸೊಸೆ ಎಂದು ನಾನು ಮೂತಿ ತಿರುಗಿಸುತ್ತಿದ್ದೆ. ನಾನೂ ಹಾಗೆಯೇ ನಿದ್ದೆ ಹೋಗುತ್ತಿದ್ದೆ, ವಸೀಲಾ. ಆ ದಣಿವು ಈಗಲೂ ನನ್ನ ಮೂಳೆಯಲ್ಲಿದೆ.

ಡಾಕ್ಟರು ಹೇಳಿದ್ದು ಇಷ್ಟು: "ಎಳೆಮಕ್ಕಳಲ್ಲಿ ಇದೆಲ್ಲ ಬರೀ ಸೂಚನೆ, ಲಲ್ಲಾ. ಚುರುಕಾದ ಮಕ್ಕಳೆಲ್ಲ ಹೀಗೇ ಇರಬಹುದು. ನಾಲ್ಕು ವರ್ಷದವನಿಗೆ ಇವತ್ತೇ ಹೆಸರು ಅಂಟಿಸೋ ಅವಸರ ನನಗಿಲ್ಲ. ಆದರೆ ತಂದೆಗೂ ಇತ್ತು ಅಂದ್ರೆ ನಾನು ಬೇರೆ ಥರ ನೋಡ್ತೀನಿ. ಎಷ್ಟೋ ಮನೆಗಳಲ್ಲಿ ಇದು ಕಣ್ಣಿನ ಬಣ್ಣದ ಹಾಗೆ ಇಳಿದು ಬರುತ್ತೆ. ನಿಮ್ಮ ಸೊಸೆ ಸಾಕಿದ ರೀತಿಯಿಂದ ಬಂದದ್ದಲ್ಲ."

ಕೊನೆಯ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿದೆ. ನಕ್ಕು ಬರೆದುಕೊಟ್ಟಳು. ಇದರ ಜೊತೆ ಇಟ್ಟಿದ್ದೇನೆ. ನಿನ್ನ ತಾಯಿಗೂ ಓದಿ ಹೇಳು. ಅದೇ ಮಾತನ್ನು ಸಕೀನಾಳಿಗೆ ನಾನೇ ಹೋಗಿ ಹೇಳುತ್ತೇನೆ.

ಗುರುವಾರ, ಒಂಬತ್ತನೇ ತಾರೀಕು, ಬೆಳಗ್ಗೆ ಹತ್ತಕ್ಕೆ ಡಾಕ್ಟರು ಸಮಯ ಕೊಟ್ಟಿದ್ದಾಳೆ. ಮಗುವೂ ತಾಯಿಯೂ ತಂದೆಯೂ ಬೇಕಂತೆ. ನೀನು ಬರಬೇಕು. ಆಜ್ಞೆಯ ಹಾಗೆ ಕೇಳಿಸಿದರೆ ಕ್ಷಮಿಸು, ನನಗೆ ಬೇರೆ ದನಿ ಬರುವುದಿಲ್ಲ. ಔಷಧಿ ಅಂಗಡಿಯವರನ್ನೂ ಕೇಳಿದೆ. ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ.

ದೇವರು ನಿನ್ನ ತೋಳಿಗೆ ಶಕ್ತಿ ಕೊಡಲಿ. ನಿನ್ನ ಮಗನಿಗೆ ಉದ್ದ ಆಯಸ್ಸನ್ನೂ ನಿನಗೆ ಒಂದಿಷ್ಟು ನಿದ್ದೆಯನ್ನೂ ಕೊಡಲಿ.

ನಿನ್ನ ಅತ್ತೆ,
ಝುಲೀಖಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ನೀನು ಹೋದದ್ದು ನನ್ನ ಮಾತಿಗೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅವತ್ತು ಮಾತಾಡುವಾಗ ನನ್ನ ಕೈ ನಡುವಿಗೆ ಕಟ್ಟಿದ್ದ ಹುರಿಯನ್ನು ಬಿಚ್ಚುತ್ತಿತ್ತು, ಕಣ್ಣು ಅಂಗಳದ ಕಂಬವನ್ನು ನೋಡುತ್ತಿತ್ತು. ನೀನೊಬ್ಬಳು ಅದನ್ನು ಕಂಡೆ, ಆ ಹುರಿ ಜವಾದನಿಗೆ ಎಂದು ತಿಳಿದೇ ಅವನನ್ನು ಎತ್ತಿಕೊಂಡೆ.

ಮದುವೆಯಾದ ಹೊಸದರಲ್ಲಿ ರಫೀಕನ ಎಡಗಾಲಿನ ಗೀರು ಏನೆಂದು ನೀನು ಕೇಳಿದಾಗ ಸೈಕಲ್ ಚೈನು ಎಂದಿದ್ದೆ. ಸೈಕಲ್ ಅಲ್ಲ. ಅವನಿಗೆ ಮೂರು ವರ್ಷ, ನನಗೆ ಇಪ್ಪತ್ತನಾಲ್ಕು. ಬಟ್ಟೆ ಒಗೆಯಲು ಹೋಗುವಾಗ ಅವನನ್ನು ಮಂಚದ ಕಾಲಿಗೆ ಕಟ್ಟಿ ಹೋಗುತ್ತಿದ್ದೆ, ಒಂದು ವರ್ಷದಷ್ಟು ಕಾಲ. ಒಂದು ದಿನ ತಡವಾಯಿತು. ಬಂದು ನೋಡಿದರೆ ಹುರಿ ಮಾಂಸದೊಳಗೆ ಹೋಗಿತ್ತು. ಅವನು ಅಳುತ್ತಿರಲಿಲ್ಲ. ಬೊಂಬೆ ಹಾಗೆ ಕೂತಿದ್ದ.

ಇದನ್ನು ಡಾಕ್ಟರಿಗೆ ಹೇಳಲು ಬಾಯಿ ಬರಲಿಲ್ಲ. ರಫೀಕನಿಗೆ ನೆನಪಿದೆಯೋ ಇಲ್ಲವೋ ನಾನು ಕೇಳಿಲ್ಲ. ಇದನ್ನು ಓದಿದ ಮೇಲೆ ಜವಾದನನ್ನು ನಾನಿರುವ ಮನೆಯಲ್ಲಿ ಬಿಡಲು ನಿನಗೆ ಮನಸ್ಸಾಗದಿದ್ದರೆ ಗುರುವಾರ ನೇರವಾಗಿ ಡಾಕ್ಟರ ಹತ್ತಿರ ಹೋಗು. ರಫೀಕ್ ಅಲ್ಲಿಗೆ ಬರುತ್ತಾನೆ. ನಾನು ಬರುವುದಿಲ್ಲ.