ಮಾತು ಕೇಳದ ಎಡಗೈ

ಪ್ರೀತಿಯ ತಮ್ಮಾ,

ಎದುರಿಗೆ ನಿಂತರೆ ನನ್ನ ನಾಲಿಗೆ ಮೊದಲು ಬುದ್ಧಿಮಾತು ಹೇಳುತ್ತದೆ, ಅದು ನಿನಗೆ ಗೊತ್ತು. ಅದಕ್ಕೇ ಈ ಚೀಟಿ ಬರೆದು ನಿನ್ನ ಹೆಂಡತಿಯ ಕೈಗೆ ಕೊಡುತ್ತಿದ್ದೇನೆ. ಅವಳು ಓದಿದರೂ ಓದಲಿ.

ಆ ಶನಿವಾರ ನಮ್ಮ ಕ್ಷೌರದಂಗಡಿಯಲ್ಲಿ ಮೂರೂ ಕುರ್ಚಿ ತುಂಬಿದ್ದವು. ನೀನು ಮೇಷ್ಟ್ರ ಗಡ್ಡ ಹೆರೆಯುತ್ತಿದ್ದೆ. ಅವರ ಕೆನ್ನೆ ಎಳೆದು ಹಿಡಿದಿದ್ದ ನಿನ್ನ ಎಡಗೈ ಇದ್ದಕ್ಕಿದ್ದಂತೆ ಕುಣಿಯತೊಡಗಿತು. ತಮಾಷೆ ಎಂದುಕೊಂಡೆ, ಆಮೇಲೆ ಮಾತೂ ತೊದಲಿತು. ಕತ್ತಿ ಹಿಡಿಯುವವನು ಕುಡಿದು ಬರಬಾರದೆಂಬುದು ಅಪ್ಪನ ಕಾಲದ ಕಟ್ಟಳೆ. ನಿನ್ನ ಕೈಯಿಂದ ಕತ್ತಿ ಕಿತ್ತುಕೊಂಡು, ಎಲ್ಲರ ಮುಂದೆ ಬಾಯಿ ಊದು ಎಂದೆ. ನೀನು ಊದಿದೆ. ವಾಸನೆ ಇರಲಿಲ್ಲ. ಆದರೂ ಲವಂಗ ಅಗಿದು ಬಂದಿದ್ದೀಯ ಎಂದು ಗದರಿದೆ.

"ಅಣ್ಣಾ, ನಾನು ಕುಡಿದಿಲ್ಲ. ಕೈ ನನ್ನ ಮಾತು ಕೇಳ್ತಿಲ್ಲ," ಎಂದೆ ನೀನು.

ಹತ್ತು ನಿಮಿಷದಲ್ಲಿ ಕೈ ಸುಮ್ಮನಾಯಿತು. ಅಲ್ಲಿಗೆ ಇದೆಲ್ಲ ನಾಟಕವೆಂದು ನಾನೇ ತೀರ್ಪು ಕೊಟ್ಟೆ. ಮೂರು ತಿಂಗಳು ನಿನ್ನನ್ನು ಅಂಗಡಿಯ ಮೆಟ್ಟಿಲು ಹತ್ತಿಸಲಿಲ್ಲ. ಮೇಷ್ಟ್ರು ಮಾತ್ರ ಪ್ರತಿ ವಾರ ನಿನ್ನನ್ನೇ ಕೇಳುತ್ತಿದ್ದರು. ನನ್ನ ಕೈ ಒರಟಂತೆ.

ಕಳೆದ ವಾರ ಮತ್ತೆ ಹಾಗೇ ಆದಾಗ ನಿನ್ನ ಹೆಂಡತಿ ಹಠ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಕೈ ತೋರಿಸಲು ಹೋದರೆ ಎದೆ ಪರೀಕ್ಷೆ ಮಾಡಿದರು. ನಿನ್ನೆ ಡಾಕ್ಟರಮ್ಮ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಹೃದಯದೊಳಗೆ ನಿಂಬೆಹಣ್ಣಿನಷ್ಟು ಮೆತ್ತನೆಯ ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಅದರ ಚೂರು ಕಳಚಿ, ರಕ್ತದ ಜೊತೆ ಹೋಗಿ ಮಿದುಳಿನಲ್ಲಿ ಸಿಕ್ಕಿಕೊಂಡರೆ ಕೈ ಕುಣಿಯುತ್ತದೆ, ಮಾತು ತೊದಲುತ್ತದೆ. ಚೂರು ಸರಿದರೆ ಎಲ್ಲ ಮೊದಲಿನಂತೆ. ದೊಡ್ಡ ಚೂರು ಹೋಗಿದ್ದರೆ ಎಂದು ಕೇಳಿದೆ. ಹೋಗಿಲ್ಲವಲ್ಲ, ಅಷ್ಟು ಸಾಕು ಎಂದರು.

ತಪ್ಪು ನನ್ನದು. ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕಾದವನು ನಿನ್ನನ್ನು ಬೀದಿಗೆ ಕಳಿಸಿದೆ.

ನಾಳೆ ಬೆಳಿಗ್ಗೆ ಎದೆ ತೆರೆದು ಗಡ್ಡೆ ತೆಗೆಯುತ್ತಾರೆ. ಅದಕ್ಕೆ ಮೊದಲು ಎದೆಯ ಕೂದಲು ತೆಗೆಯಬೇಕಂತೆ. ಆ ಕೆಲಸ ನನಗೆ ಕೊಡಿ ಎಂದು ಡಾಕ್ಟರಮ್ಮನನ್ನು ಕೇಳಿದೆ. ನಕ್ಕರು. ಕತ್ತಿ ಬೇಡ, ಆಸ್ಪತ್ರೆಯ ಮೆಷಿನ್ನಿನಲ್ಲೇ, ನರ್ಸ್ ಎದುರಿಗೇ, ಅದೂ ನೀನು ಒಪ್ಪಿದರೆ ಮಾತ್ರ ಎಂದರು.

ಒಪ್ಪದಿದ್ದರೆ ಮುನಿಸಿಕೊಳ್ಳುವುದಿಲ್ಲ. ನರ್ಸ್ ಹತ್ತಿರ ಹೇಳಿ ಕಳಿಸು, ಸಾಕು. ನೀನು ಮತ್ತೆ ಕಣ್ಣು ತೆರೆಯುವವರೆಗೂ ಹೊರಗಿನ ಬೆಂಚಿನ ಮೇಲೇ ಇರುತ್ತೇನೆ.

ನನ್ನ ಆಯುಸ್ಸಿನಲ್ಲೂ ಒಂದಿಷ್ಟು ನಿನಗೆ ಸೇರಲಿ ಎಂದು ಹರಸುವ,
ನಿನ್ನ ಅಣ್ಣ